ಎಮ್ಮಿಗನೂರಿನ ಆರ್ಡರ್

ನನ್ನ ಖಾನಾವಳಿಗೆ ಊಟಕ್ಕ ಬರೋರನ್ನ ನಾನು ಹೆಸರು ಹಿಡಿದು ಕರೆಯೋದು ಭಾಳ ಕಡಿಮಿ. ಲಾರಿಯವರು ಲಾರಿಯವರೇ, ಬ್ಯಾಂಕಿನವರು ಬ್ಯಾಂಕಿನವರೇ. "ಏ ಚಪಾತಿ, ಪಲ್ಯ ಬೇಕೇನು?" ಅಂದ್ರ ಜೋಳದ ರೊಟ್ಟಿ ಮುಟ್ಟದ ಮಾಸ್ತರೊಬ್ರು ತಿರುಗಿ ನೋಡ್ತಾರ. ಆದ್ರ ರೇವಣಸಿದ್ದನ್ನ ಮಾತ್ರ ಮೊದಲ ದಿನದಿಂದ ಹೆಸರಿಂದಾನೇ ಕರೀತೀನಿ. ಯಾಕಂದ್ರ ಅವನ್ನ ಹೆಸರು ಹಿಡಿದು ಕರೆಯೋರು ಈ ಹೊಸಪೇಟ್ಯಾಗ ಬ್ಯಾರೆ ಯಾರೂ ಇಲ್ಲ.

ಸುಮ್ನ ಬಾಯಿಗೆ ಬಂದಂಗ ಹೇಳಾಕತ್ತಿಲ್ರಿ. ಅವನ ಊರು ಸಂಡೂರು ಕಡೆ. ಅಪ್ಪ ಅವ್ವ ಹೋಗಿ ವರ್ಷಗಟ್ಲೆ ಆತು. ಇದ್ದೊಬ್ಬ ಅಕ್ಕ ಕೊಪ್ಪಳದಾಗ ತನ್ನ ಸಂಸಾರದಾಗ ಮುಳುಗ್ಯಾಳ, ಹಬ್ಬಕ್ಕೊಮ್ಮೆ ಫೋನ್ ಮಾಡ್ತಾಳ. ಇವಗ ಬೈಪಾಸಿನ ಕಡೆ ಒಂದು ವೇಬ್ರಿಡ್ಜ್‌ನಾಗ ಕೆಲ್ಸ. ಅದೇರಿ, ಅದಿರು ಲಾರಿ ತೂಕ ಮಾಡೋ ಜಾಗ. ಪಾನ್ ಅಂಗಡಿಯಷ್ಟು ಒಂದು ಕೋಣಿ, ಅದರಾಗ ಒಂದು ಕಂಪ್ಯೂಟರ್ರು, ಒಂದು ಫ್ಯಾನು, ಒಬ್ಬ ರೇವಣಸಿದ್ದ. ಲಾರಿ ಬಂದು ನಿಂದರ್ತಾವ, ಕಿಟಕ್ಯಾಗಿಂದ ಚೀಟಿ ಕೊಡ್ತಾನ, ಲಾರಿ ಹೋಗ್ತಾವ. ದಿನಪೂರ್ತಿ ಅವನ ಕೂಡ ಮಾತಾಡೋರು ಅಂದ್ರ "ಎಷ್ಟಾತು?" ಅನ್ನೋರು ಅಷ್ಟೇ. ಸಂಜಿಗೆ ಚಿತ್ತವಾಡ್ಗಿಯ ರೂಮಿಗೆ ಹೋಗ್ತಾನ, ಅಲ್ಲಿ ಅದೂ ಕೇಳೋರಿಲ್ಲ. ನಲವತ್ತು ದಾಟೈತಿ, ಮದ್ವಿ ಆಗಿಲ್ಲ. ಯಾಕಲೇ ಅಂತ ಕೇಳಿದ್ದಕ್ಕ "ಯಾರೂ ಕೇಳ್ಲಿಲ್ಲ ಅಕ್ಕಾ" ಅಂದ. ಕನ್ಯಾ ನೋಡಾಕ ನೀನು ಹೋಗ್ಬೇಕಪ್ಪಾ, ಅವರೇ ಬಂದು ನಿನ್ನ ಬಾಗ್ಲು ಬಡೀತಾರೇನು? ಅಂಥ ಮನುಷ್ಯ ಅವನು.

ಈ ಮನುಷ್ಯಗ ಒಂದೇ ಹುಚ್ಚು, ಚಿತ್ರ ಬಿಡಿಸೋದು. ಬಣ್ಣ ಗಿಣ್ಣ ಇಲ್ಲ, ಬರೇ ಪೆನ್ಸಿಲ್ಲು. ಲಾರಿ ತೂಕ ಆಗೋ ಅಷ್ಟರಾಗ ಡ್ರೈವರನ ಮುಖ ಗೀಚಿ ಮುಗಿಸಿರ್ತಾನ. ಮೂಗಿನ ಮ್ಯಾಲಿನ ಬೆವರು, ಗದ್ದದಾಗ ಕುಂತ ಕೆಂಪು ಧೂಳು, ಎಲ್ಲಾ ಆ ಕಪ್ಪು ಗೆರಿಯಾಗ ಕಾಣ್ತಿತ್ತು. ನನಗ ಚಿತ್ರದ ಗಂಧ ಗಾಳಿ ಗೊತ್ತಿಲ್ಲ, ಆದ್ರೂ ಹೇಳ್ತೀನಿ, ಅವನ ಕೈಯಾಗ ದೇವರದಾನ.

ಇದನ್ನೆಲ್ಲ ಇನ್‌ಸ್ಟಾಗ್ರಾಮ್‌ನಾಗ ಹಾಕ್ತಿದ್ದ. ಅದಕ್ಕೊಂದು ಹೆಸರು, "ಸಿದ್ದ ಪೆನ್ಸಿಲ್". ಕೆಳಗ "ಭಾವಚಿತ್ರಗಳಿಗೆ ಆರ್ಡರ್ ತೆಗೆದುಕೊಳ್ಳಲಾಗುವುದು" ಅಂತ ಒಂದು ಸಾಲು. ಆ ಸಾಲು ಹಾಕಿದ ದಿನ ನನಗ ಫೋನ್ ತೋರಿಸಿ ಹೇಳಿದ. "ಅಕ್ಕಾ, ನನ್ನ ಗುರ್ತಿಲ್ಲದೋರು ಒಬ್ರು, ಒಬ್ರೇ ಒಬ್ರು, ರೊಕ್ಕ ಕೊಟ್ಟು ನನ್ನ ಕಡೆಯಿಂದ ಚಿತ್ರ ಮಾಡಿಸ್ಕೊಂಡ್ರ ಸಾಕು. ರೊಕ್ಕದ ಸಲುವಾಗಿ ಅಲ್ಲ. ಆಗ ನಾನು ಚಿತ್ರಗಾರ ಅಂತ ನಾನೇ ನಂಬ್ತೀನಿ. ಅಲ್ಲಿ ತನಕ ತೂಕದವ."

ನಾನು ನಕ್ಕೆ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ" ಅಂದೆ. ಅವನೂ ನಕ್ಕ. ಆದ್ರ ಅದು ನಗೋ ಮಾತಾಗಿರ್ಲಿಲ್ಲ ಅಂತ ನನಗ ಹೋಗ್ತಾ ಹೋಗ್ತಾ ಗೊತ್ತಾತು.

ಯಪ್ಪಾ, ಆ ಫೋನಿನ ಜಗತ್ತು ಎಂಥಾದ್ರೀ! ಹಾರ್ಟ್ ಒತ್ತೋರು ಅದಾರ, "ಸೂಪರ್ ಬ್ರೋ" ಅನ್ನೋರು ಅದಾರ, ಕೈ ಮುಗಿಯೋ ಗೊಂಬಿ ಹಾಕೋರು ಅದಾರ. ಆರ್ಡರ್ ಕೊಡೋರಿಲ್ಲ. "ನಂದೊಂದು ಬಿಡಿಸಿ ಕೊಡ್ರಿ ಅಣ್ಣ, ನಿಮ್ಮ ಹೆಸರು ಹಾಕ್ತೀನಿ" ಅಂತ ಬರ್ತಾರ. ಹೆಸರು ಹಾಕಿದ್ರ ಹಾಲಿನವ ಹಾಲು ಕೊಡ್ತಾನೇನು? ಬಿಟ್ಟಿ ಅಂದ್ರ ನಂದೂ ಇರ್ಲಿ, ನಮ್ಮ ಮಾವಂದೂ ಇರ್ಲಿ. ಇವನೋ, ಇಲ್ಲ ಅನ್ನಾಕ ಬಾಯಿ ಬರದವ. ಬಿಟ್ಟಿ ಬಿಡಿಸಿ ಕೊಡ್ತಿದ್ದ. ತಗೊಂಡೋರು ಒಂದು ದಿನ ಸ್ಟೇಟಸ್‌ಗೆ ಇಟ್ಕೊಂತಿದ್ರು, ಮರುದಿನ ಅಲ್ಲಿ ಅವರ ಬಿರ್ಯಾನಿ ಫೋಟೋ.

ನಡುವ ಒಬ್ಬಾವ ಇಂಗ್ಲಿಷಿನ್ಯಾಗ ಬರ್ದ, ನಿಮ್ಮ ಚಿತ್ರ ಭಾಳ ರೊಕ್ಕಕ್ಕ ತಗೋತೀನಿ ಅಂತ. ರೇವಣಸಿದ್ದನ ಮುಖ ಅವತ್ತು ನೋಡ್ಬೇಕಿತ್ತು ನೀವು, ನನ್ನ ಅಡಿಗಿಮನಿಗೇ ಓಡಿ ಬಂದಿದ್ದ. ಆಮ್ಯಾಲೆ ನೋಡಿದ್ರ, ಮೊದ್ಲು ನೀವು ಫೀಸು ಕಟ್ರಿ ಅಂತ ಅವನದೇ ವರಾತ. ಮೋಸಗಾರ. ಅವನ ಬಾಯಿಗೆ ಮಣ್ಣು ಹಾಕ ಅಂತ ಬೈದೆ. ರೇವಣಸಿದ್ದ ಬೈಲಿಲ್ಲ. "ಮೋಸ ಮಾಡಾಕಾದ್ರೂ ನನ್ನ ಚಿತ್ರ ಪೂರ್ತಿ ನೋಡಿರ್ಬೇಕಲ್ಲಕ್ಕ" ಅಂದ.

ಇನ್ನೊಂದು ಸಲ ಹಂಪಿಗೆ ಹೋದ. ಪ್ರವಾಸಿಗಳು ಬರ್ತಾರ, ಎದುರಿಗೆ ಕುಂದರಿಸಿ ಬಿಡಿಸ್ತೀನಿ, ಅದನ್ನ ವಿಡಿಯೋ ಮಾಡಿ ಹಾಕ್ತೀನಿ ಅಂತ ಲೆಕ್ಕ ಹಾಕಿದ್ದ. ಒಂದು ರಟ್ಟಿನ ಮ್ಯಾಲೆ ಪೇಜಿನ ಹೆಸರು ಬರ್ಕೊಂಡು ಬಂಡೆಗಲ್ಲಿನ ಮ್ಯಾಲೆ ಕುಂತ. ಬಂದೋರು ಕಲ್ಲು ನೋಡಿದ್ರು, ಕಲ್ಲಿನ ಮುಂದ ತಮ್ಮ ಫೋಟೋ ತಾವೇ ತಕ್ಕೊಂಡ್ರು, ಇವನ ಕೈಗೆ ಫೋನ್ ಕೊಟ್ಟು ನಮ್ಮೆಲ್ಲರದೂ ಒಂದು ತಗೀರಿ ಅಂದ್ರು. ಸಂಜಿ ತನಕ ಮಂದಿಗೆಲ್ಲ ಫೋಟೋ ತಕ್ಕೊಟ್ಟು ಬಂದಾನ ಮಾರಾಯ! ನನಗ ಸಿಟ್ಟು ಬಂದು ಎರಡು ರೊಟ್ಟಿ ಹೆಚ್ಚು ಬಡಿದೆ.

ಈಗಂತೂ ಫೋನೇ ಚಿತ್ರ ಬಿಡಿಸ್ತೈತಂತಲ್ಲ. ಫೋಟೋ ಒಂದು ಹಾಕಿದ್ರ ಕಣ್ಣು ಮುಚ್ಚಿ ತೆಗೆಯೋದ್ರಾಗ ಪೆನ್ಸಿಲ್ಲಿನಂಗ ಮಾಡಿ ಕೊಡ್ತೈತಿ. ನನ್ನಲ್ಲಿ ಊಟ ಮಾಡೋ ಬ್ಯಾಂಕಿನ ಹುಡುಗ ಅದನ್ನ ಇವನ ಮುಂದೇ ಮಾಡಿ ತೋರಿಸಿ "ನೋಡ್ರಿ ಅಂಕಲ್, ಖರ್ಚೇ ಇಲ್ಲ" ಅಂದ. ರೇವಣಸಿದ್ದ ಆ ಚಿತ್ರ ಭಾಳ ಹೊತ್ತು ನೋಡಿ "ಚಂದ ಐತಿ, ಕಿವಿ ಮಾತ್ರ ನಿಮ್ದಲ್ಲ" ಅಂದ. ಅವತ್ತು ಊಟ ಅರ್ಧಕ್ಕ ಬಿಟ್ಟು ಎದ್ದ.

ಅವನಿಗೆ ಆರ್ಡರ್ ಯಾಕ ಬರಲ್ಲ ಅನ್ನೋದು ನನಗ ತಿಳಿದಿದ್ದು ಹೆಂಗ ಅಂದ್ರ, ಒಂದು ಯುಗಾದಿಗೆ ನನ್ನದೇ ಚಿತ್ರ ಬಿಡಿಸಿ, ಕಟ್ಟು ಹಾಕಿಸಿ, ಕಾಗದ ಸುತ್ತಿ ತಂದು ಕೊಟ್ಟ. ಬಿಚ್ಚಿ ನೋಡಿದ್ನೋ ಇಲ್ವೋ, ನನ್ನ ಎದಿ ಧಸಕ್ಕಂತು. ಗಲ್ಲಾದ ಮ್ಯಾಲೆ ನಮ್ಮನಿಯವರ ಫೋಟೋ ಐತ್ರಿ, ಹಾರ ಹಾಕಿದ್ದು. ಅದೂ ಕಪ್ಪು ಬಿಳಿ, ಇದೂ ಕಪ್ಪು ಬಿಳಿ. ಅದೇ ಅಳತಿ, ಅದೇ ಕಟ್ಟು. "ಏನಲೇ ರೇವಣಸಿದ್ದಾ, ಗಂಡನ ಬಾಜೂಕ ಜಾಗ ಖಾಲಿ ಐತಿ ಅಂತ ನನ್ನ ಈಗ್ಲೇ ಕಳಸ್ತೀಯೇನು? ಹಾರ ಒಂದು ಕಡಿಮಿ ಐತಿ ನೋಡು!" ಅಂತ ಊಟಕ್ಕ ಕುಂತೋರೆಲ್ಲ ಕೇಳಂಗ ಒದರಿದೆ. ನಮ್ಮ ಕಡೆ ಗೋಡಿ ಮ್ಯಾಲೆ ಹಿಂಗ ಕಟ್ಟು ಹಾಕ್ಸಿಕೊಂಡು ಕುಂದ್ರೋರು ದೇವರು, ಇಲ್ಲಾ ಸತ್ತೋರು. ಬದುಕಿರೋರ ಮುಖ ಕಪ್ಪು ಪೆನ್ಸಿಲಿನ್ಯಾಗ ಬಿಡಿಸಿ ಕಟ್ಟು ಹಾಕಿದ್ರ ಯಾರಿಗೆ ಬೇಕದು? ಮಂದಿ ಫೋನಿನ್ಯಾಗ ಹಾರ್ಟ್ ಒತ್ತತಾರ, ಮನಿಯೊಳಗ ತಂದು ಇಟ್ಕೊಳಲ್ಲ.

ಅವನು ಹೋದ ಮ್ಯಾಲೆ ಒಬ್ಳೇ ಕುಂತು ಆ ಚಿತ್ರ ನೋಡ್ದೆ. ಚಂದ ಇದ್ದೆ ನಾನು. ಅದನ್ನ ಅವಗ ಹೇಳ್ಲಿಲ್ಲ, ಹೇಳಿದ್ರ ಮತ್ತೊಂದು ತರ್ತಾನ.

ಬದಲಿಗೆ ಬುದ್ಧಿ ಹೇಳ್ದೆ. "ಸತ್ತೋರ ಚಿತ್ರ ಬಿಡಿಸ್ತೀನಿ ಅಂತ ಹಾಕು. ಅದಕ್ಕ ಗಿರಾಕಿ ಅದಾರ. ಹಳೇ ಮಂದಿದು ಒಂದು ನೆಟ್ಟನ ಫೋಟೋ ಇರಲ್ಲ, ಆಧಾರ್ ಕಾರ್ಡಿನ್ಯಾಗ ಕಳ್ಳರಂಗ ಕಾಣ್ತಾರ. ಹೋದ ಮ್ಯಾಲೆ ಮಾಡೋ ಶಿವಗಣಾರಾಧನಿ ದಿನ ಮುಂದಿಟ್ಟು ಪೂಜಿ ಮಾಡಾಕ ಒಂದು ಚಂದನ ಮುಖ ಬೇಕಲ್ಲ?"

ಅವನು ಒಪ್ಲಿಲ್ಲ. "ಬದುಕಿರೋ ಮುಖ ಬೇಕಕ್ಕಾ ನನಗ. ಇಡೀ ದಿನ ಲಾರಿ ತೂಕ ಮಾಡ್ತೀನಿ. ಒಂದು ಮುಖ ಆದ್ರೂ ನನ್ನ ತಿರುಗಿ ನೋಡ್ಬೇಕು" ಅಂದ. ಒಂದು ವರ್ಷ ಹಠ ಹಿಡಿದ. ಪೇಜು ಎಮ್ಮಿ ಮ್ಯಾಲೆ ಮಳಿ ಸುರದಂಗ ಇತ್ತು. ಕಡೀಗೆ ಒಂದು ದಿನ ಏನೂ ಹೇಳದೇ "ಅಗಲಿದ ಹಿರಿಯರ ಭಾವಚಿತ್ರ ಬಿಡಿಸಿ ಕೊಡಲಾಗುವುದು" ಅಂತ ಸಾಲು ಬದಲಿ ಮಾಡ್ದ. ಸೋತ ಮನುಷ್ಯನ ಮುಖ ಹೆಂಗಿರ್ತೈತಿ ಅಂತ ಅವತ್ತು ನೋಡ್ದೆ. ನನಗೇ ಬ್ಯಾಸರ ಆತು, ಸುಮ್ನಿರಬೇಕಿತ್ತು ಅನಿಸ್ತು.

ಆದ್ರ ಆರ್ಡರ್ ಬಂತ್ರೀ!

ಕಂಪ್ಲಿ ಹತ್ರದ ಎಮ್ಮಿಗನೂರಿಂದ, ಕೊಟ್ರಬಸಪ್ಪ ಅಂತ, ಭತ್ತ ಕಬ್ಬು ಬೆಳೆಯೋ ರೈತ. ಯಾವ ಸಂಬಂಧಾನೂ ಇಲ್ಲ, ಗುರ್ತಿಲ್ಲ, ಪೇಜ್ ನೋಡಿ ಬರ್ದಾನ. "ನಮ್ಮವ್ವ ಜಂಬಮ್ಮನ ಚಿತ್ರ ಬೇಕು. ಶಿವಗಣಾರಾಧನಿಗೆ. ತಾರೀಖು ಆಮ್ಯಾಲೆ ಹೇಳ್ತೀವಿ. ವಿಭೂತಿ, ಹಾರ, ಕೆಳಗೊಂದು ದೀಪ ಇರ್ಲಿ." ಜೊತಿಗೆ ಯಾವುದೋ ಮದ್ವಿಯ ಗುಂಪಿನ ಫೋಟೋ, ಎರಡನೇ ಸಾಲಿನ್ಯಾಗ ಸೆರಗು ಹೊದ್ಕೊಂಡ ಮುದುಕಿ. ಮುಂಗಡಾನೂ ಹಾಕಿದ್ದ. ಪಾಪ, ಯಾವಾಗ ಹೋದ್ರು, ಏನಾಗಿತ್ತು ಅಂತ ಕೇಳಾಕ ಇವಗ ಮನಸ್ಸು ಬರ್ಲಿಲ್ಲ. ಯಾರು ತಾನೇ ಕೇಳ್ತಾರ್ರಿ ಅದನ್ನ?

ಮಧ್ಯಾಹ್ನ ಊಟದ ಗದ್ದಲ ಮುಗಿದ ಮ್ಯಾಲೆ ನನ್ನ ಖಾನಾವಳಿಯ ಕಿಟಕಿ ಬಾಜೂಕಿನ ಟೇಬಲ್ ಒರೆಸಿ ಕೊಟ್ಟೆ. ರಜಾ ಹಾಕಿ ಅಲ್ಲಿ ಕುಂತ. ಅಕ್ಕಿ ಕಾಳಿನಷ್ಟು ಇದ್ದ ಮುಖನ್ನ ಫೋನಿನ್ಯಾಗ ಹಿಗ್ಗಿಸಿ ಹಿಗ್ಗಿಸಿ ನೋಡೋದು, ಬಿಡಿಸೋದು, ಅಳಿಸೋದು. ಬಿಡಿಸ್ತಾ ಆಕಿ ಕೂಡ ಮಾತಾಡ್ತಿದ್ದ. "ನಗಾಕ ಹೊಂಟಿದ್ರಿ, ಯಾಕ ನಿಲ್ಲಿಸಿದ್ರಿ ಅಮ್ಮಾ?" ಅಂತಿದ್ದ. ಅಡಿಗಿಮನ್ಯಾಗ ನಾನು ಒಬ್ಳೇ ನಗ್ತಿದ್ದೆ. ಅಷ್ಟು ಖುಷಿಯಾಗಿ ಅವನ್ನ ನಾನು ಎಂದೂ ನೋಡಿರ್ಲಿಲ್ಲ. ಚಿತ್ರ ಮುಗಿದ ದಿನ ನನ್ನ ಕರೆದು ತೋರಿಸ್ದ. ಆ ಮುದುಕಿ ಕಾಗದದಾಗ ಉಸಿರಾಡ್ತಿದ್ಲು. ಹಾರದ ಒಂದೊಂದು ಎಸಳೂ ಕಾಣ್ತಿತ್ತು. ನನಗ ಗೊತ್ತಿಲ್ಲದ ಆ ಹೆಣ್ಣುಮಗಳ ಸಲುವಾಗಿ ಕಣ್ಣಾಗ ನೀರು ಬಂತು.

"ರೆಡಿ ಐತ್ರಿ" ಅಂತ ಮೆಸೇಜ್ ಹಾಕಿದ. ಊಟಕ್ಕ ಕುಂತಾಗ ಜವಾಬು ಬಂತು, ಧ್ವನಿಯಾಗ. ಅವನ ಕೈ ಮುಸುರಿ ಇತ್ತು, ನಾನೇ ಒತ್ತಿದೆ. ಕೊಟ್ರಬಸಪ್ಪನ ದನಿ ಇಡೀ ಖಾನಾವಳಿಗೆ ಕೇಳಂಗ ಬಂತು.

"ಅಣ್ಣಾರ, ನಮ್ಮವ್ವ ಕಣ್ಣು ಬಿಟ್ಳು ನೋಡ್ರಿ! ಬಳ್ಳಾರಿಗೆ ಒಯ್ದಿದ್ವಿ, ಇನ್ನ ಮನಿಗೆ ಕರ್ಕೊಂಡು ಹೋಗ್ರಿ ಅಂತ ಹೇಳಿ ಬಿಟ್ಟಿದ್ರು. ಆಕಿ ನೋಡಿದ್ರ ಗಟ್ಟಿ! ನಿನ್ನೆ ಗಂಜಿ ಕುಡುದ್ಲು, ಇವತ್ತು ಸೊಸಿಗೆ ಬೈದ್ಲು. ಚಿತ್ರ ಈಗ ಬ್ಯಾಡ್ರಿ. ಮುಂಗಡ ನೀವೇ ಇಟ್ಕೊಳ್ರಿ."

ನನಗ ಒಂದು ಕ್ಷಣ ತಿಳೀಲೇ ಇಲ್ಲ. ಆಮ್ಯಾಲೆ ತಿಳೀತು. ಸತ್ತಿರಲೇ ಇಲ್ಲ ಆಕಿ! ಇನ್ನೇನು ಹೋಗ್ತಾಳ, ಹೋದ ಮ್ಯಾಲೆ ಗಡಿಬಿಡಿ ಬ್ಯಾಡ ಅಂತ ಮೊದಲೇ ಹೇಳಿ ಇಟ್ಟಿದ್ರು. ತಾರೀಖು ಆಮ್ಯಾಲೆ ಹೇಳ್ತೀವಿ ಅಂದಿದ್ದು ಅದಕ್ಕ. "ಅಯ್ಯ ನಿಮ್ಮ! ಜೀವ ಇರಾಗ್ಲೇ ಹಾರ ಹಾಕ್ಸಿದ್ರೇನು!" ಅಂತ ನಾನು ಫೋನಿಗೇ ಬೈದೆ. ಊಟಕ್ಕಿದ್ದೋರು ನಕ್ರು. ನನಗೂ ನಗು ಬಂತು. ರೇವಣಸಿದ್ದನ ಕಡೆ ತಿರುಗಿದ್ರ ಅವನು ತುತ್ತು ಕೈಯಾಗ ಹಿಡಿದಂಗೇ ಕುಂತಿದ್ದ.

ಎಲ್ರೂ ಎದ್ದು ಹೋದ ಮ್ಯಾಲೆ ಬಾಯಿ ಬಿಟ್ಟ. "ಅಕ್ಕಾ, ಆಕಿ ಬದುಕಿದ್ಲು ಅಂತ ಕೇಳಿ ನನಗ ಸಂಕಟ ಆತು. ಖುಷಿ ಆಗ್ಬೇಕಿತ್ತಲ್ಲ? ಮೊದ್ಲು ಬಂದಿದ್ದೇ ಸಂಕಟ. ಅಷ್ಟು ದಿನ ಆಕಿ ಮುಖ ನೋಡೀನಿ, ಆಕಿ ಸಾಯ್ಲಿಲ್ಲ ಅಂತ ಅತ್ತಂಗಾತು. ಎಂಥಾ ಮನುಷ್ಯ ನಾನು?"

"ನೀನೇನು ಸಾಯ್ಲಿ ಅಂದ್ಯಾ? ಮಾಡಿದ ಕೆಲ್ಸ ನೀರಾಗ ಹೋಮ ಆತಲ್ಲ ಅಂತ ಹೊಟ್ಟಿ ಉರೀತು, ಅಷ್ಟೇ" ಅಂದೆ. ಸಮಾಧಾನ ಆಗ್ಲಿಲ್ಲ ಅವಗ.

ಇನ್ನ ಆ ಚಿತ್ರದ್ದೇ ಚಿಂತಿ ಹತ್ತಿತು. ಬದುಕಿರೋ ಮುದುಕಿಗೆ ಹಾರ, ದೀಪ! ಇಟ್ಕೊಂಡ್ರ ಅರಿಷ್ಟ, ಹರಿದ್ರ ಇನ್ನೂ ಅರಿಷ್ಟ. ಪೇಜಿನ್ಯಾಗ ಹಾಕೋದಂತೂ ದೂರದ ಮಾತು. ಅವನ ಕೈಯಾಗಿಂದ ಬಂದ ಎಲ್ಲಾ ಚಿತ್ರಕ್ಕಿಂತ ಚಂದ ಆಗಿದ್ದು ಅದೇ, ಅದನ್ನ ಯಾರಿಗೂ ತೋರಿಸಂಗಿಲ್ಲ. ಎರಡು ದಿನ ಬಿಟ್ಟು ಕೊಟ್ರಬಸಪ್ಪನೇ ಫೋನ್ ಮಾಡ್ದ, ಹೆದರಿದಂಗಿದ್ದ. ಮನಿಯ ಹಿರೇರು ಹೇಳಿದ್ರಂತ, ಆ ಚಿತ್ರ ಹೊರಗ ಇರಬಾರ್ದು, ಮನಿಯವರ ಕೈಯಿಂದಾನೇ ಹರಿಯೋ ನೀರಿಗೆ ಬಿಡ್ಬೇಕು ಅಂತ. "ತಂದು ಕೊಡ್ರಿ ಅಣ್ಣಾರ, ಪೂರ್ತಿ ರೊಕ್ಕ ಕೊಡ್ತೀನಿ" ಅಂದ.

ನನಗೂ ಕಂಪ್ಲಿಯ ಮಿಲ್ಲಿನ್ಯಾಗ ಅಕ್ಕಿ ಹೇಳೋದಿತ್ತು. ಒಬ್ಬವನ್ನೇ ಕಳಸಾಕ ಮನಸ್ಸೂ ಬರ್ಲಿಲ್ಲ. ಕೂಡಿ ಹೋದ್ವಿ. ಚಿತ್ರ ಪೇಪರಿನ್ಯಾಗ ಸುತ್ತಿ ತೊಡಿ ಮ್ಯಾಲೆ ಇಟ್ಕೊಂಡಿದ್ದ. ಬಸ್ಸು ಕುಣಿದಾಗೆಲ್ಲ ಎರಡೂ ಕೈಯಿಂದ ಹಿಡೀತಿದ್ದ. ಕಂಪ್ಲ್ಯಾಗ ಅಕ್ಕಿ ಹೇಳಿ, ಬಸ್ಸು ಬದಲಿ ಮಾಡಿ ಎಮ್ಮಿಗನೂರಿಗೆ ಇಳಿದ್ವಿ.

ಕೊಟ್ರಬಸಪ್ಪ ಬಾಗ್ಲಾಗೇ ಕಾಯ್ತಿದ್ದ. ದೊಡ್ಡ ಮನಿ, ಅಂಗಳದ ತುಂಬ ಮಂದಿ, ಭತ್ತದ ಚೀಲ, ಸೊಸ್ತೇರು. "ಅವ್ವಗ ಗೊತ್ತಾಗಬಾರ್ದು" ಅಂತ ಪಿಸುಗುಟ್ಟಿ ಸುರುಳಿ ಇಸ್ಕೊಂಡ. "ಫೋನಿನ್ಯಾಗ ಇದರ ಫೋಟೋ ಇದ್ರ ಅದನ್ನೂ ತಗೀರಿ" ಅಂದ. ರೇವಣಸಿದ್ದ ಫೋನ್ ತಗದ. ಬೆರಳು ಆ ಚಿತ್ರದ ಮ್ಯಾಲೆ ನಿಂತಿತು. ಆಮ್ಯಾಲೆ ಒತ್ತಿದ. ಇದ್ದ ಒಂದು ಗುರುತೂ ಹೋತು. ಕೊಟ್ರಬಸಪ್ಪ ರೊಕ್ಕ ಮುಂದ ಚಾಚಿದ್ರ ಇವನು ಕೈ ಒಡ್ಡಲೇ ಇಲ್ಲ.

"ಯಾರಲೇ ಅದು, ಕೊಟ್ರ್ಯಾ?" ಅಂತ ಅಂಗಳದಾಗಿಂದ ದನಿ ಬಂತು. "ಬಂದೋರನ್ನ ಬಾಗ್ಲಾಗ ನಿಲ್ಲಿಸ್ಕೊಂಡು ಎಂಥಾ ಗುಸುಗುಸು? ಒಳಗ ಕರಿ. ಏ ಹುಡುಗೀ, ಚಾ ಇಡು."

ಬಿಸಿಲಿಗೆ ಹೊರಸಿನ ಮ್ಯಾಲೆ ಕುಂತಿದ್ಲು ಜಂಬಮ್ಮ, ಮೈತುಂಬ ರಗ್ಗು ಹೊದ್ದು. ಚಿತ್ರದಾಗಿನ ಮುಖ, ಇನ್ನೊಂಚೂರು ಸೊರಗಿದ್ದು. ರೇವಣಸಿದ್ದ ಆಕಿನ್ನ ನೋಡಿದವ ನೋಡ್ತಾನೇ ನಿಂತ. "ಇವರು ತೂಕದವರವ್ವ, ಕಬ್ಬಿಂದು" ಅಂತ ಬಾಯಿಗೆ ಬಂದ ಸುಳ್ಳು ಹೇಳ್ದ ಮಗ.

"ಕೈಯಾಗೇನು ಸುರುಳಿ?"

"ಕ್ಯಾಲೆಂಡರ್ರು."

"ಹೌದಾ? ಯಾವ ದೇವರದು? ತೋರ್ಸು ಇಲ್ಲಿ."

ಕೊಟ್ರಬಸಪ್ಪ ತಡವರಿಸಿದ. ರೇವಣಸಿದ್ದ ತಲಿ ತಗ್ಗಿಸಿ ನಿಂತಿದ್ದ, ತೂಕದವನಂಗ. ನನಗ ಆ ತೂಕದವ ಅನ್ನೋ ಮಾತು ತಡಕೊಳ್ಳಾಕ ಆಗ್ಲಿಲ್ರೀ. ನಾಲಿಗಿಗೆ ಎಲುಬಿಲ್ಲ ನೋಡ್ರಿ ನಂದಕ್ಕ. "ದೇವರದಲ್ಲಮ್ಮ, ನಿಮ್ದೇ. ಇವನೇ ಬಿಡಿಸ್ಯಾನ. ಚಿತ್ರಗಾರ ಇವನು!" ಅಂದುಬಿಟ್ಟೆ.

ಒಬ್ಬಾಕಿ ಸೊಸಿ ಸೆರಗು ಬಾಯಿಗೆ ಒತ್ಕೊಂಡ್ಲು. ಜಂಬಮ್ಮ ಕೈ ಚಾಚಿದ್ಲು, ಮಗ ಕೊಡಲೇ ಬೇಕಾತು. ಪೇಪರ್ ಬಿಚ್ಚಿ, ತೊಡಿ ಮ್ಯಾಲೆ ಹಾಸ್ಕೊಂಡು ನೋಡಿದ್ಲು. ಹಾರ ನೋಡಿದ್ಲು, ದೀಪ ನೋಡಿದ್ಲು. ತಿಳೀಲಿಲ್ಲ ಅನ್ನಾಕ ಆಕಿ ಏನು ಸಣ್ಣ ಕೂಸಾ?

"ಹಾರ ಭಾರಿ ಹಾಕೀಯಲ್ಲಪ್ಪ" ಅಂದ್ಲು ಕಡೀಗೆ. "ನಮ್ಮೋರು ಇಷ್ಟು ಹೂವು ತರ್ತಾರ ಅಂತ ನನಗೇನು ನಂಬಿಕಿಲ್ಲ."

ಯಾರಿಗೂ ನಗಾಕ ಧೈರ್ಯ ಬರ್ಲಿಲ್ಲ. ಆಕಿ ಬೆರಳು ಚಿತ್ರದಾಗಿನ ಹುಬ್ಬಿನ ಮ್ಯಾಲೆ ಹೋಗಿ ನಿಂತಿತು. "ಇದು ನಾ ಹುಡುಗಿ ಇದ್ದಾಗ ಕುಡಗೋಲು ಬಡಿದ ಗಾಯದ ಕಲಿ. ಈ ಮನ್ಯಾಗ ಯಾರಿಗೂ ಗೊತ್ತಿಲ್ಲ. ನಿನಗ್ಯಾರು ಹೇಳಿದ್ರು?"

"ಫೋಟೋದಾಗ ಹುಬ್ಬು ಅಲ್ಲಿ ತುಂಡಾಗಿತ್ತಮ್ಮ."

"ಎಷ್ಟು ಹೊತ್ತು ನೋಡಿದಿ ನನ್ನ?"

"ದಿನಾ ನೋಡ್ತಿದ್ನಮ್ಮ. ಮಧ್ಯಾಹ್ನದಿಂದ ಬೆಳಕು ಹೋಗೋ ತನಕ."

ಜಂಬಮ್ಮ ರಗ್ಗು ಸರಿ ಮಾಡ್ಕೊಂಡ್ಲು. ಆಮ್ಯಾಲೆ ಮೆಲ್ಲಗ ಅಂದ್ಲು. "ದವಾಖಾನ್ಯಾಗ ಬಿದ್ದಾಗ ಎಲ್ರೂ ಬಂದ್ರು. ಬಾಟ್ಲಿ ನೋಡಿದ್ರು, ಮಿಷಿನ್ ನೋಡಿದ್ರು, ಗಡಿಯಾರ ನೋಡಿದ್ರು. ಮುಖ ಯಾರೂ ನೋಡ್ಲಿಲ್ಲ, ಪಾಪ, ಹೆದರಿಕಿ ಅವರಿಗೆ. ನಾ ಒಬ್ಳೇ ಹೊಂಟೀನಿ ಅನಿಸಿತ್ತು. ಅದೇ ಹೊತ್ತಿನ್ಯಾಗ ಗುರ್ತಿಲ್ಲದವ ಒಬ್ಬ ಎಲ್ಲೋ ಕುಂತು ನನ್ನೇ ನೋಡಾಕತ್ತಿದ್ದ ಅಂದ್ರ..."

ಮಾತು ಮುಗಿಸ್ಲಿಲ್ಲ ಆಕಿ. ಅಷ್ಟರಾಗ ನಮ್ಮ ಶಾಣ್ಯಾ ರೇವಣಸಿದ್ದ ಬಾಯಿ ಬಿಟ್ಟ. "ಅಮ್ಮಾ, ನೀವು ಬದುಕಿದ್ರಿ ಅಂತ ಕೇಳಿ ನನಗ ಬ್ಯಾಸರ ಆಗಿತ್ರಿ. ನನಗ ಬಂದಿದ್ದು ಅದೊಂದೇ ಆರ್ಡರ್. ತಪ್ಪಾತು."

ಹೇ ಭಗವಂತಾ, ಭೂಮಿ ಬಾಯಿ ಬಿಡಬಾರ್ದಾ ಅನಿಸ್ತು ನನಗ. ಕೊಟ್ರಬಸಪ್ಪನ ಮುಖ ಕೆಂಪಗಾತು. ಜಂಬಮ್ಮ ಮಾತ್ರ ನಗಾಕ ಶುರು ಮಾಡಿದ್ಲು, ಕೆಮ್ಮು ಬರೋ ತನಕ ನಕ್ಕು, ಸೊಸಿ ಬಂದು ಎದಿ ನೀವಬೇಕಾತು. "ಆಗ್ಬೇಕಲ್ಲಪ್ಪಾ! ಇಷ್ಟು ಚಂದ ಮಾಡಿ ಹಾಳಾತು ಅಂದ್ರ ಯಾರಿಗಾದ್ರೂ ಬ್ಯಾಸರ ಆಗ್ಬೇಕು. ನೀನೊಬ್ಬ ಖರೇ ಹೇಳಿದಿ. ಇವರಿಗೂ ಹಂಗೇ ಆಗಿರ್ತೈತಿ, ಸಾಮಾನೆಲ್ಲ ತಂದಿಟ್ಟಿದ್ರಲ್ಲ" ಅಂತ ಮಗನ ಕಡೆ ಕಣ್ಣು ಮಿಟುಕಿಸಿದ್ಲು. ಮಗ "ಅವ್ವಾ!" ಅಂತ ಅಳಾಕ ಹತ್ತಿದ.

ಆಕಿ ಸೊಂಟದಾಗಿನ ಎಲಿ ಅಡಿಕಿ ಸಂಚಿ ಬಿಚ್ಚಿ, ಮಡಿಚಿದ ಒಂದು ನೋಟು ತಗದು, ಎಲಿ ಮ್ಯಾಲೆ ಇಟ್ಟು ರೇವಣಸಿದ್ದಗ ಚಾಚಿದ್ಲು. "ಇದನ್ನ ನೀರಿಗೆ ಬಿಡ್ಲಿ, ಮನ್ಯಾಗ ಇದ್ರ ಇವರು ನಿದ್ದಿ ಮಾಡಲ್ಲ. ಆದ್ರ ನಾ ಹೋದಾಗ ನೀನೇ ಬಿಡಿಸ್ಬೇಕು. ಫ್ಲೆಕ್ಸು ಗಿಕ್ಸು ಬ್ಯಾಡ, ಬ್ಯಾರೆ ಕೈ ಬ್ಯಾಡ. ಎಲ್ರ ಮುಂದ ಹೇಳಾಕತ್ತೀನಿ. ಮುಂಗಡ ಹಿಡಿ. ಹಾರ ಸಣ್ಣದು ಹಾಕು, ನನಗ ಕುತ್ತಿಗಿ ಬಿಗೀತೈತಿ."

ರೇವಣಸಿದ್ದ ಎರಡೂ ಕೈ ಒಡ್ಡಿ ಇಸ್ಕೊಂಡ. ಮಗ ಕೊಡಾಕ ಬಂದ ರೊಕ್ಕ ಮಾತ್ರ ಮುಟ್ಲಿಲ್ಲ.

ಕಾಲುವಿಗೆ ನಾವೂ ಹೋದ್ವಿ. ಕೊಟ್ರಬಸಪ್ಪ ನೀರಿಗೆ ಕೈ ಮುಗಿದು ಚಿತ್ರ ಬಿಟ್ಟ. ಅದು ಮುಖ ಮ್ಯಾಲೆ ಮಾಡಿಕೊಂಡೇ ತೇಲಿತು, ಕಬ್ಬಿನ ಹೊಲದ ಬಾಜೂಕ ಹಾದು ಕಾಣದಂಗಾತು. ಯಾರೂ ಹಾರ್ಟ್ ಒತ್ತಲಿಲ್ಲ, ಯಾರೂ ಸೂಪರ್ ಅನ್ನಲಿಲ್ಲ. ರೇವಣಸಿದ್ದ ಕಣ್ಣಿಗೆ ಕಾಣೋ ತನಕ ನೋಡಿ, ಚಪ್ಪಲಿ ಮೆಟ್ಕೊಂಡು ಬಂದ.

ವಾಪಸ್ ಬಸ್ಸಿನ್ಯಾಗ ಕಮಲಾಪುರ ಬಂದ್ರೂ ಅವನು ಕಿಟಕಿ ಹೊರಗೇ ನೋಡ್ತಿದ್ದ. ನನಗ ಸುಮ್ನ ಕುಂದ್ರಾಕ ಬರಲ್ಲ. "ಆತಲ್ಲಪ್ಪಾ, ಗುರ್ತಿಲ್ಲದೋರು ರೊಕ್ಕ ಕೊಟ್ಟು ಆರ್ಡರ್ ಹೇಳಿದ್ರು. ಇನ್ನಾದ್ರೂ ಚಿತ್ರಗಾರ ಅಂತ ಒಪ್ಕೋ" ಅಂದೆ.

"ಒಪ್ಪೀನಕ್ಕಾ" ಅಂದ. ಅಂದು, ಅಂಗಿ ಜೇಬು ಗಟ್ಟಿ ಹಿಡ್ಕೊಂಡ. "ಆದ್ರ ಆ ಮೆಸೇಜ್ ಬರಬಾರ್ದು. ಬ್ಯಾರೆ ಯಾರದೂ ಬರದಿದ್ರೂ ಅಡ್ಡಿ ಇಲ್ಲ. ಎಮ್ಮಿಗನೂರಿಂದು ಮಾತ್ರ ನಾ ಇರೋ ತನಕ ಬರಬಾರ್ದಕ್ಕಾ."

ಹೇಳ್ತಾ ಹೇಳ್ತಾ ಮುಖ ಮುಚ್ಕೊಂಡು ಅತ್ತುಬಿಟ್ಟ. ಸಣ್ಣ ಹುಡುಗನಂಗ, ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಂಗ. ನಾನು ಬೆನ್ನ ಮ್ಯಾಲೆ ಕೈ ಇಟ್ಟೆ.

ಕಂಡಕ್ಟರ್ ಹತ್ರ ಬಂದು ದನಿ ಇಳಿಸಿ ಕೇಳ್ದ. "ಏನಾತ್ರಿ ಅಮ್ಮಾರ, ಯಾರಾದ್ರೂ ಹೋದ್ರೇನು?"

"ಇಲ್ಲಪ್ಪಾ" ಅಂದೆ, "ಬದುಕಿದ್ರು."